ರಕ್ತದ ಕುರುಹುಗಳು

ಹಿಂದಿನ ಕಾಲದ ವೈದ್ಯರು ರೋಗಿಯ ನಾಡಿಯನ್ನು ಹಿಡಿದು, ನಾಲಗೆಯನ್ನು ನೋಡಿ, ಕಣ್ಣಿನ ಕೆಳರೆಪ್ಪೆಯನ್ನು ಸರಿಸಿ ಪರೀಕ್ಷಿಸಿ ರೋಗವಿಂತಹುದೆಂದು ಹೇಳುತ್ತಿದ್ದುದನ್ನು ನೀವು ಅಜ್ಜ ಅಜ್ಜಿಯರ ಬಾಯಿಂದ ಕೇಳಿರಬಹುದು. ಮೂತ್ರಕ್ಕೆ ಇರುವೆ ಮುತ್ತುವುದನ್ನು ಕಂಡು ಮಧುಮೇಹವನ್ನು ಗುರುತಿಸುವ ಜಾಣತನವೂ ನಮ್ಮ ಪ್ರಾಚೀನ ವೈದ್ಯರಲ್ಲಿತ್ತು. ದೇಹವು ತನ್ನ ಒಳಗಿನ ಸುದ್ದಿಯನ್ನು ಯಾವುದಾದರೊಂದು ಕುರುಹಿನ ಮೂಲಕ ಹೊರಗೆಡಹುತ್ತದೆಂಬ ನಂಬಿಕೆಯೇ ಇದಕ್ಕೆಲ್ಲ ಮೂಲ. ಇಂದಿನ ವೈದ್ಯಶಾಸ್ತ್ರವೂ ಆ ನಂಬಿಕೆಯನ್ನು ಬಿಟ್ಟಿಲ್ಲ; ಕುರುಹನ್ನು ಅಳೆದು ಅಂಕಿಯಲ್ಲಿ ಬರೆಯುವುದನ್ನು ಕಲಿತಿದೆ, ಅಷ್ಟೆ. ಹೀಗೆ ಅಳೆಯಬಹುದಾದ ಕುರುಹನ್ನು ಇಂಗ್ಲಿಷಿನವರು ಬಯೋಮಾರ್ಕರ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಜೈವಿಕ ಸೂಚಕವೆಂಬ ಮಾತು ಬಳಕೆಗೆ ಬಂದಿದೆ. ನನಗಾದರೋ ಕುರುಹು ಎಂಬ ಹಳೆಯ ಮಾತೇ ಹಿತವೆನಿಸುತ್ತದೆ.

ಕನ್ನಡ ಕಲಿಸುವವನಿಗೆ ಈ ಉಸಾಬರಿ ಏಕೆಂದು ನೀವು ಕೇಳಬಹುದು. ಈ ನಗರದಲ್ಲಿ ರಕ್ತಪರೀಕ್ಷೆಯ ರಿಪೋರ್ಟುಗಳು ಬರುವುದು ಇಂಗ್ಲಿಷಿನಲ್ಲಿ. ವಿಜಯಪುರ, ಕಲಬುರಗಿಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರೂ, ಉಡುಪಿ, ಕುಂದಾಪುರಗಳ ಕಡೆಯಿಂದ ಹೋಟೆಲು ಸೇರಿದವರೂ ಮಕ್ಕಳನ್ನು ಕರೆದೊಯ್ಯಲು ಶಾಲೆಗೆ ಬಂದಾಗ, ಕಿಸೆಯಿಂದ ಮಡಿಸಿದ ಕಾಗದವೊಂದನ್ನು ತೆಗೆಯುತ್ತಾರೆ. "ಗುರುಗಳ, ಇದನ್ನೊಂದೀಟು ಓದಿ ಹೇಳ್ರಿ" ಎಂದು ಒಬ್ಬರು, "ಮಾಷ್ಟ್ರೇ, ಇದ್ರಲ್ಲಿ ಎಂತ ಬರ್ದಿದ್ದಾರೆ?" ಎಂದು ಇನ್ನೊಬ್ಬರು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದ ನಾನು ನಿಘಂಟನ್ನೂ ಪರಿಚಯದ ವೈದ್ಯರನ್ನೂ ಕಾಡಿ ಕಾಡಿ ಇದನ್ನಷ್ಟು ತಿಳಿದುಕೊಳ್ಳಬೇಕಾಯಿತು. ಇನ್ನು ಕೆಲವು ವರ್ಷಗಳಲ್ಲಿ ಆ ಕಾಗದಗಳನ್ನು ಮನೆಯವರಿಗೆ ಓದಿ ಹೇಳಬೇಕಾದವರು ನೀವೇ.

ಮೊದಲು ತಿಳಿಯಬೇಕಾದುದೆಂದರೆ, ಎಲ್ಲ ಕುರುಹುಗಳೂ ಒಂದೇ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ. 2016ರಲ್ಲಿ ಅಮೆರಿಕದ ಎರಡು ಸರಕಾರೀ ಸಂಸ್ಥೆಗಳು ಕೂಡಿ ಇವನ್ನು ಏಳು ಬಗೆಯಾಗಿ ವಿಂಗಡಿಸಿದವು. ಆ ಏಳನ್ನೂ ನೀವು ಬಾಯಿಪಾಠ ಮಾಡಬೇಕಾಗಿಲ್ಲ. ರೋಗವಿದೆಯೇ ಎಂಬುದು ಒಂದು ಪ್ರಶ್ನೆ; ಮುಂದೆ ಬರಬಹುದೇ ಎಂಬುದು ಇನ್ನೊಂದು; ಕೊಟ್ಟ ಔಷಧ ಫಲಿಸುತ್ತಿದೆಯೇ, ಈ ಔಷಧ ಈ ವ್ಯಕ್ತಿಗೆ ಒಗ್ಗೀತೇ ಎಂಬುವು ಬೇರೆಯೇ ಪ್ರಶ್ನೆಗಳು. ಒಂದು ಪ್ರಶ್ನೆಗೆ ನಂಬತಕ್ಕ ಸಾಕ್ಷಿಯಾದ ಕುರುಹು ಮತ್ತೊಂದು ಪ್ರಶ್ನೆಗೆ ಸುಳ್ಳುಸಾಕ್ಷಿಯಾದೀತು.

ನಿಮಗೆಲ್ಲ ಗೊತ್ತಿರುವ ಸಕ್ಕರೆ ಕಾಯಿಲೆಯನ್ನೇ ನೋಡಿರಿ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಅಳೆದ ಸಕ್ಕರೆ ಆ ಹೊತ್ತಿನ ಸುದ್ದಿಯನ್ನು ಮಾತ್ರ ತಿಳಿಸುತ್ತದೆ. ಪರೀಕ್ಷೆಗೆ ಮುನ್ನ ಎರಡು ದಿನ ಸಿಹಿಯನ್ನೂ ಅನ್ನವನ್ನೂ ಬಿಟ್ಟು, ರಿಪೋರ್ಟು ಚೆನ್ನಾಗಿ ಬಂದ ಸಂಜೆಯೇ ಜಿಲೇಬಿ ತಿನ್ನುವ ಮಹನೀಯರನ್ನು ನಾನು ಬಲ್ಲೆ. ಅವರ ಗುಟ್ಟನ್ನು ಬಯಲುಮಾಡುವ ಇನ್ನೊಂದು ಕುರುಹಿದೆ, ಅದೇ ಎಚ್‌ಬಿಎ1ಸಿ. ರಕ್ತದಲ್ಲಿರುವ ಸಕ್ಕರೆ ಕೆಂಪು ಕಣಗಳ ಹಿಮೋಗ್ಲೋಬಿನ್ನಿಗೆ ಮೆಲ್ಲನೆ ಅಂಟಿಕೊಳ್ಳುತ್ತದೆ. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಆದುದರಿಂದ ಎಷ್ಟು ಅಂಟಿದೆಯೆಂದು ಅಳೆದರೆ ಕಳೆದ ಎರಡು ಮೂರು ತಿಂಗಳ ನಡವಳಿಕೆಯೆಲ್ಲ ಹೊರಬೀಳುತ್ತದೆ. ಶೇಕಡಾ 6.5 ಅಥವಾ ಅದಕ್ಕೂ ಮೇಲಿದ್ದರೆ ಮಧುಮೇಹವೆಂದು ಪರಿಗಣಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಒಪ್ಪಿತು. ಆದರೆ ಕಬ್ಬಿಣದ ಕೊರತೆಯಿಂದ ರಕ್ತಹೀನತೆಯಾದವರಲ್ಲಿ ಈ ಅಂಕಿ ಇರಬೇಕಾದುದಕ್ಕಿಂತ ಹೆಚ್ಚಾಗಿ ಕಾಣಬಹುದು. ಕೆಂಪು ಕಣಗಳು ಬೇಗ ಒಡೆಯುವ ರೋಗಗಳಲ್ಲಿ, ಸಕ್ಕರೆ ಅಂಟಲು ಸಾಕಷ್ಟು ಕಾಲವಿಲ್ಲದೆ, ಕಡಿಮೆಯಾಗಿ ಕಾಣುತ್ತದೆ. ಕುರುಹು ತಾನು ಕುಳಿತ ಮನೆಯ ಸ್ಥಿತಿಯನ್ನು ಅವಲಂಬಿಸಿಯೇ ಮಾತಾಡುತ್ತದೆ.

ಮಳೆಗಾಲದ ಮುಂಬಯಿಗೆ ಮಲೇರಿಯ ಹೊಸತಲ್ಲ. ವೈವಾಕ್ಸ್ ಎಂಬ ಬಗೆಯ ಮಲೇರಿಯದ ಜೀವಿ ಯಕೃತ್ತಿನಲ್ಲಿ ಅಡಗಿ ಕುಳಿತು ಮತ್ತೆ ಮತ್ತೆ ಜ್ವರ ತರುವುದರಿಂದ, ಅದನ್ನು ಕೊಲ್ಲಲು ಪ್ರೈಮಾಕ್ವಿನ್ ಎಂಬ ಔಷಧವನ್ನು ಕೊಡುತ್ತಾರೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವವರಿಗೆ ಅದೇ ಔಷಧ ಕೆಂಪು ಕಣಗಳನ್ನು ಒಡೆದುಹಾಕುತ್ತದೆ. ಇದರ ಕಾರಣ ಪತ್ತೆಯಾದುದು 1956ರಲ್ಲಿ. ಮುಂಬಯಿಯ ಪಾರ್ಸಿಗಳಲ್ಲಿ ಈ ಕೊರತೆ ಇತರರಿಗಿಂತ ಹೆಚ್ಚು. ಇಲ್ಲಿ ಆ ಕಿಣ್ವವು ರೋಗದ ಕುರುಹಲ್ಲ, ಔಷಧ ಕೊಡುವವನಿಗೆ ಎಚ್ಚರಿಕೆಯ ಕುರುಹು.

ಇನ್ನು ಒಬ್ಬ ತಂದೆಯ ವಿಷಯ. ಅವರ ಅಪ್ಪಣೆ ಪಡೆದೇ ಬರೆಯುತ್ತಿದ್ದೇನೆ. ಸಿಂದಗಿಯ ಕಡೆಯ ಗಾರೆ ಕೆಲಸದವರು. ಕಡಿಮೆ ದರದಲ್ಲಿ ಐವತ್ತು ಅರವತ್ತು ಪರೀಕ್ಷೆಗಳೆಂಬ ಜಾಹೀರಾತನ್ನು ನಂಬಿ ಯಾವುದೋ ಲ್ಯಾಬಿನಲ್ಲಿ ರಕ್ತ ಕೊಟ್ಟಿದ್ದರು. ಸಿಇಎ ಎಂಬೊಂದು ಅಂಕಿ, ಮಿತಿ 3 ಇದ್ದಲ್ಲಿ, 4.2 ಎಂದು ದಪ್ಪ ಅಕ್ಷರದಲ್ಲಿ ಬಂದಿತ್ತು. ಅದು ಕ್ಯಾನ್ಸರಿನ ಪರೀಕ್ಷೆಯೆಂದು ಪಕ್ಕದ ಮನೆಯವರು ಹೇಳಿದರಂತೆ. ಮೂರು ರಾತ್ರಿ ನಿದ್ದೆಯಿಲ್ಲದೆ, ನಾಲ್ಕನೆಯ ದಿನ ಮಗನ ಶಾಲೆಯ ದಾಖಲೆ ಬಿಡಿಸಿಕೊಂಡು ಊರಿಗೆ ಕಳುಹಿಸಲು ನನ್ನ ಬಳಿಗೆ ಬಂದರು. "ನಾ ಇರೂದು ಎಷ್ಟ ದಿನಾನೋ, ಹುಡುಗ ಅಜ್ಜನ ಕೂಡ ಇರಲಿ ಬಿಡ್ರಿ" ಎಂದರು. ಹುಡುಗ ಆ ವರ್ಷ ಒಂಬತ್ತರಲ್ಲಿದ್ದ. ಗಣಿತದಲ್ಲಿ ಅವನನ್ನು ಮೀರಿಸುವವರು ಆ ವರ್ಗದಲ್ಲಿರಲಿಲ್ಲ.

ದಾಖಲೆಯ ಮಾತನ್ನು ನಾಳೆಗಿಟ್ಟು ಅವರೊಡನೆ ನಗರಪಾಲಿಕೆಯ ಆಸ್ಪತ್ರೆಗೆ ಹೋದೆ. ವೈದ್ಯರು ಕಾಗದ ನೋಡುವ ಮೊದಲೇ ಅವರ ಬೆರಳುಗಳನ್ನು ನೋಡಿ, "ದಿನಕ್ಕೆ ಎಷ್ಟು ಬೀಡಿ?" ಎಂದು ಕೇಳಿದರು. ಧೂಮಪಾನಿಗಳಲ್ಲಿ ಸಿಇಎ 5ರವರೆಗೂ ಇರುವುದುಂಟು. 1965ರಲ್ಲಿ ಕೆನಡಾದ ಗೋಲ್ಡ್ ಮತ್ತು ಫ್ರೀಡ್‌ಮನ್ ಎಂಬವರು ಕರುಳಿನ ಗಡ್ಡೆಗಳಲ್ಲಿ ಈ ವಸ್ತುವನ್ನು ಕಂಡುಹಿಡಿದಾಗ, ಕ್ಯಾನ್ಸರನ್ನು ಮೊದಲೇ ಹಿಡಿಯುವ ದಾರಿ ದೊರೆಯಿತೆಂದು ಬಹಳ ಜನ ಆಸೆಪಟ್ಟರು. ಅದು ಕೈಗೂಡಲಿಲ್ಲ. ಆರೋಗ್ಯವಂತರಲ್ಲಿಯೂ ಇದು ಏರುತ್ತದೆ. ಕ್ಯಾನ್ಸರ್ ಇದ್ದವರಲ್ಲಿಯೂ ಏರದೆ ಇರುತ್ತದೆ. ಆದರೆ ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದವರಲ್ಲಿ ಇಳಿದ ಸಿಇಎ ಮತ್ತೆ ಏರತೊಡಗಿದರೆ ರೋಗ ಮರಳಿತೇ ಎಂದು ವೈದ್ಯರು ಎಚ್ಚೆತ್ತುಕೊಳ್ಳುತ್ತಾರೆ. ಕಾವಲಿಗೆ ಒಳ್ಳೆಯದಾದ ಕುರುಹನ್ನು ಹುಡುಕಾಟಕ್ಕೆ ಬಳಸಿದುದೇ ಮೂರು ರಾತ್ರಿಯ ನಿದ್ದೆಗೆ ಮುಳುವಾಯಿತು. ವೈದ್ಯರು ಕೈಯಾರೆ ಪರೀಕ್ಷಿಸಿ, ಬೇಕಾದುದನ್ನು ಮಾಡಿಸಿ, ಕೆಲವು ವಾರಗಳ ತರುವಾಯ ರಕ್ತವನ್ನೂ ಮತ್ತೆ ನೋಡಿದರು. ಕ್ಯಾನ್ಸರಿನ ಸುಳಿವೇನೂ ಕಾಣಲಿಲ್ಲ. ಬೀಡಿ ಬಿಡಬೇಕೆಂದರು. ಹುಡುಗ ಇಲ್ಲಿಯೇ ಹತ್ತನೆಯದನ್ನು ಮುಗಿಸಿದ. ಬೀಡಿಯ ವಿಷಯ ನಾನು ಕೇಳಿಲ್ಲ.

ಆ ದಪ್ಪ ಅಕ್ಷರದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ನೂರು ಆರೋಗ್ಯವಂತರನ್ನು ಅಳೆದರೆ 95 ಜನ ಒಳಗಿರುವಂತೆ ಮಿತಿಯನ್ನು ಗೊತ್ತುಮಾಡುತ್ತಾರೆ. ಉಳಿದ ಐವರು ಆರೋಗ್ಯವಂತರಾಗಿದ್ದೂ ಹೊರಗೆ ನಿಲ್ಲುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳನ್ನು ಆರೋಗ್ಯವಂತನೊಬ್ಬನಿಗೆ ಮಾಡಿದರೆ, ಒಂದಾದರೂ ಮಿತಿ ಮೀರುವ ಸಂಭವ ಶೇಕಡಾ 64. 0.95ನ್ನು ಇಪ್ಪತ್ತು ಸಲ ಗುಣಿಸಿ ನೀವೇ ತಾಳೆ ನೋಡಿರಿ. ಹಾಗೆಂದು ದಪ್ಪ ಅಕ್ಷರವನ್ನು ಅಲಕ್ಷಿಸಿ ಸುಮ್ಮನಿರುವುದೂ ಸಲ್ಲದು. ಅದನ್ನು ವೈದ್ಯರಿಗೆ ತೋರಿಸಲೇಬೇಕು.

ಅಂಕಿಯಿಲ್ಲದ, ಹುಟ್ಟಿನಿಂದ ಬದಲಾಗದ ಕುರುಹು ರಕ್ತದ ಗುಂಪು. 1901ರಲ್ಲಿ ಲ್ಯಾಂಡ್‌ಸ್ಟೈನರ್ ಕಂಡುಕೊಂಡ ಎ, ಬಿ, ಒ ಗುಂಪುಗಳನ್ನು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಕೆಂಪು ಕಣದ ಮೇಲೆ ಎ ಆಗಲಿ ಬಿ ಆಗಲಿ ಇಲ್ಲದಿದ್ದರೆ ಒ ಎನ್ನುವುದು ವಾಡಿಕೆ. ಆದರೆ 1952ರಲ್ಲಿ ನಮ್ಮ ಈ ಮುಂಬಯಿಯಲ್ಲಿ ಡಾ. ವೈ. ಎಂ. ಭೇಂಡೆಯವರೂ ಅವರ ಸಹೋದ್ಯೋಗಿಗಳೂ ಒ ಗುಂಪಿನ ರಕ್ತವೂ ಒಗ್ಗದ ಮೂವರನ್ನು ಕಂಡು, ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲೋಕಕ್ಕೆ ತಿಳಿಸಿದರು. ಎ ಮತ್ತು ಬಿಗಳನ್ನು ಕಟ್ಟುವುದಕ್ಕೆ ಅಡಿಗಲ್ಲಾದ ಎಚ್ ಎಂಬ ವಸ್ತುವೇ ಅವರ ಕಣಗಳಲ್ಲಿರಲಿಲ್ಲ. ಒ ಗುಂಪಿನವರಲ್ಲಿ ಎಚ್ ಧಾರಾಳವಾಗಿರುವುದರಿಂದ ಆ ರಕ್ತವನ್ನು ಇವರ ದೇಹ ಶತ್ರುವೆಂದೇ ಎಣಿಸಿ ನಾಶಮಾಡುತ್ತದೆ. ಇದು ಬಾಂಬೆ ರಕ್ತಗುಂಪೆಂದು ಜಗತ್ತಿನಲ್ಲೆಲ್ಲ ಪ್ರಸಿದ್ಧವಾಯಿತು. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು ಈ ಗುಂಪಿನವರು, ಕರ್ನಾಟಕದಲ್ಲಿಯೂ ಇದ್ದಾರೆ. ನಗರದ ಹೆಸರು ಬದಲಾದರೂ ರಕ್ತದ ಹೆಸರು ಹಾಗೆಯೇ ಉಳಿದಿದೆ.

ಇವರಿಗೆ ಆರೋಗ್ಯದಲ್ಲಿ ಯಾವ ಕೊರತೆಯೂ ಇಲ್ಲ. ರಕ್ತ ಬೇಕಾದ ದಿನ ಮಾತ್ರ ತಮ್ಮ ಗುಂಪಿನವರನ್ನೇ ಹುಡುಕಬೇಕು. ತೊಡಕೆಂದರೆ, ಕಣಗಳನ್ನು ಮಾತ್ರ ನೋಡುವ ಸಾಧಾರಣ ಪರೀಕ್ಷೆಯಲ್ಲಿ ಅವರದು ಒ ಎಂದೇ ಬರುತ್ತದೆ. ರಕ್ತದ ನೀರಿಗೆ ಒ ಗುಂಪಿನ ಕಣಗಳನ್ನು ಬೆರೆಸಿ, ಅವು ಹೆಪ್ಪುಗಟ್ಟಿದಂತೆ ಗುಂಪುಗೂಡುವುದನ್ನು ಕಂಡಾಗಲೇ ನಿಜ ತಿಳಿಯುವುದು. ನಿಮ್ಮ ಶಾಲೆಯ ಗುರುತುಚೀಟಿಯಲ್ಲಿ ರಕ್ತದ ಗುಂಪನ್ನು ಬರೆದಿದ್ದರೂ ರಕ್ತನಿಧಿಯವರು ಅದನ್ನು ನಂಬದೆ, ಹೊಸದಾಗಿ ರಕ್ತ ತೆಗೆದು, ಕೊಡುವವರ ಕಣಗಳೊಡನೆ ಹೊಂದಿಸಿ ನೋಡಿದ ಮೇಲೆಯೇ ಬಾಟಲಿಯನ್ನು ಕೊಡುವುದು ಈ ಕಾರಣದಿಂದಲೂ ಹೌದು.