ಬುಟ್ಟಿ ಚೆಂಡು

ಕ್ರಿಕೆಟ್ ಬಿಟ್ಟು ಬೇರೆ ಆಟ ನೋಡೋಕೆ ನಾನು ಗಡಿ ದಾಟಿ ಹೋಗಿದ್ದು ಒಂದೇ ಸಲ. ಅದೂ ಹೆಸರೇ ಕೇಳಿರದ ಆಟ. 2021ರ ಅಕ್ಟೋಬರ್. ಪ್ರಾಜೆಕ್ಟ್ ಮೇಲೆ ಐಂಡ್‌ಹೋವನ್‌ನಲ್ಲಿದ್ದೆ. ಶನಿವಾರ ಬಂತು ಅಂದ್ರೆ ಬಟ್ಟೆ ಒಗೆಯೋದು, ಅನ್ನ ಸಾರು ಮಾಡೋದು, ಕಿಟಕಿಯಲ್ಲಿ ಮಳೆ ನೋಡೋದು, ಇಷ್ಟೇ. ನನ್ನ ಪಾಡು ನೋಡಲಾರದೆ ಟೀಮಿನ ಡಚ್ಚಣ್ಣ ಒಬ್ಬ, "ಬಾ, ಆಂಟ್‌ವರ್ಪ್‌ಗೆ ಹೋಗೋಣ, ಕಾರ್ಫ್‌ಬಾಲ್ ಯುರೋಪಿಯನ್ ಚಾಂಪಿಯನ್‌ಶಿಪ್ ನಡೀತಿದೆ" ಅಂದ. ಕಾರ್ಫ್ ಅಂದ್ರೆ ಏನು ಅಂದೆ. ಬುಟ್ಟಿ ಅಂದ. ಸರಿ, ಬುಟ್ಟಿ ಚೆಂಡು ನೋಡೋಕೆ ಹೊರಟೆ :-)

ದಾರಿಯಲ್ಲಿ "ಯಾರು ಗೆಲ್ಲಬಹುದು?" ಅಂತ ಕೇಳಿದ್ದಕ್ಕೆ ಅವನು ಸ್ಟೀರಿಂಗ್ ಬಿಟ್ಟು ನಕ್ಕ. 1998ರಲ್ಲಿ ಪೋರ್ಚುಗಲ್‌ನಲ್ಲಿ ಈ ಟೂರ್ನಿ ಶುರುವಾದಾಗಿನಿಂದ ಗೆದ್ದಿದ್ದೆಲ್ಲ ನೆದರ್‌ಲ್ಯಾಂಡ್ಸ್ ಅಂತೆ. ವಿಶ್ವಕಪ್‌ನಲ್ಲೂ ಅದೇ ಕಥೆ. 1978ರಿಂದ ಅವರು ಸೋತಿದ್ದು ಒಂದೇ ಸಲ, 1991ರಲ್ಲಿ, ಇದೇ ಆಂಟ್‌ವರ್ಪ್‌ನಲ್ಲಿ, ಬೆಲ್ಜಿಯಂ ಕೈಲಿ. ಮೂವತ್ತು ವರ್ಷ ಆದ್ರೂ ಅದನ್ನ ಹೇಳುವಾಗ ಅವನ ಮುಖ ಹುಳ್ಳಗಾಯ್ತು. ಯಾರು ಗೆಲ್ತಾರೆ ಅಂತ ಮೊದಲೇ ಗೊತ್ತಿರೋ ಆಟಕ್ಕೆ ಪೆಟ್ರೋಲ್ ಸುಟ್ಟುಕೊಂಡು ಹೋಗ್ತಾರಲ್ಲ ಅನ್ನಿಸ್ತು. (ಕೊನೆಗೆ ಆ ವರ್ಷವೂ ಕಪ್ ಅವರಿಗೇ ಹೋಯಿತು ಅನ್ನಿ.)

ಒಳಗೆ ಹೋಗಿ ಕೂತ ಮೇಲೆ ಮೊದಲು ಕಂಡಿದ್ದು ಕಂಬ. ಮೂರೂವರೆ ಮೀಟರ್ ಎತ್ತರದ ಕಂಬದ ತುದಿಗೆ ಹಳದಿ ಬುಟ್ಟಿ. ಬ್ಯಾಸ್ಕೆಟ್‌ಬಾಲ್ ಥರ ಹಿಂದೆ ಹಲಗೆ ಇಲ್ಲ. ಕಂಬ ಇರೋದೂ ಅಂಕಣದ ತುದಿಯಲ್ಲಲ್ಲ, ಒಳಗೆ, ಸುತ್ತ ಎಲ್ಲಿಂದ ಬೇಕಾದ್ರೂ ಎಸೀಬಹುದು. ಚೆಂಡು ಹಿಡ್ಕೊಂಡು ಓಡೋ ಹಾಗಿಲ್ಲ, ನೆಲಕ್ಕೆ ಕುಟ್ಟಿಕೊಂಡು ಹೋಗೋ ಹಾಗೂ ಇಲ್ಲ. ಹಿಡಿ, ಕೊಡು, ಜಾಗ ಮಾಡ್ಕೋ. ಎದುರಾಳಿ ಕೈಯಳತೆಯಲ್ಲಿ ನಿಂತು ಅಡ್ಡ ಕೈ ಎತ್ತಿದ್ರೆ ಎಸೆಯೋ ಹಾಗೇ ಇಲ್ಲ. ಹಾಗಾಗಿ ಎಷ್ಟೇ ಎತ್ತರದ ಆಳಾದ್ರೂ ಒಬ್ಬನೇ ಏನೂ ಕಿತ್ತು ಹಾಕೋಕಾಗಲ್ಲ.

ಆಮೇಲೆ ಕಣ್ಣಿಗೆ ಬಿದ್ದಿದ್ದು ಆಟಗಾರರು. ಒಂದು ತಂಡದಲ್ಲಿ ಎಂಟು ಜನ, ನಾಲ್ಕು ಗಂಡಸರು, ನಾಲ್ಕು ಹೆಂಗಸರು. ಅಂಕಣ ಎರಡು ಭಾಗ, ಪ್ರತಿ ಭಾಗದಲ್ಲಿ ತಂಡದ ನಾಲ್ವರು. ಗಂಡಸು ಗಂಡಸನ್ನೇ ಕಾಯಬೇಕು, ಹೆಂಗಸು ಹೆಂಗಸನ್ನೇ. ಎರಡು ಗೋಲಾದ ಕೂಡಲೇ ಗೋಲು ಹಾಕ್ತಿದ್ದವರು ಕಾಯೋಕೆ, ಕಾಯ್ತಿದ್ದವರು ಹಾಕೋಕೆ. ನೀನು ಅಡುಗೆ, ನಾನು ಆಫೀಸು ಅಂತ ಯಾರೂ ಒಂದೇ ಕಡೆ ಬೇರು ಬಿಡೋ ಹಾಗಿಲ್ಲ!

ಇದನ್ನ ಹುಟ್ಟುಹಾಕಿದವರು ಆಮ್‌ಸ್ಟರ್‌ಡ್ಯಾಮಿನ ಶಾಲಾ ಮೇಷ್ಟ್ರು, ನಿಕೊ ಬ್ರೂಕ್‌ಹೌಸೆನ್, 1902ರಲ್ಲಿ. ಸ್ವೀಡನ್ನಿಗೆ ತರಬೇತಿಗೆ ಹೋದಾಗ ಅಲ್ಲಿ ಕಂಬಕ್ಕೆ ಬಳೆ ಕಟ್ಟಿ ಆಡೋ ಆಟ ನೋಡಿ, ಬಳೆ ತೆಗೆದು ಬುಟ್ಟಿ ಇಟ್ಟರು. ತಮ್ಮ ತರಗತಿಯಲ್ಲಿ ಹುಡುಗರೂ ಇದ್ದಾರೆ, ಹುಡುಗಿಯರೂ ಇದ್ದಾರೆ, ಎಲ್ಲರೂ ಆಡಲಿ ಅಂತ. ಆಗ ಅಲ್ಲೂ ಜನ ಮೂಗು ಮುರಿದಿದ್ದರು. 1920 ಮತ್ತು 1928ರ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನಕ್ಕೂ ಬಂತು, ಅಲ್ಲಿಗೇ ನಿಂತಿತು.

ಕೆಂಪು ಜೆರ್ಸಿಯ ಹುಡುಗಿಯೊಬ್ಬಳು ತಪ್ಪಿದ ಚೆಂಡಿಗೆ ನೆಲದ ಉದ್ದಕ್ಕೂ ಹಾರಿದಳು ನೋಡಿ, ಆಗ ನನಗೆ ತಂಗಿ ನೆನಪಾದಳು.

ನನ್ನ ತಂಗಿ ಖೋ ಖೋ ಆಡ್ತಿದ್ದಳು. ತಿಪಟೂರಿನಲ್ಲಿ ಅವಳು ಕಂಬದಿಂದ ಹಾರಿ ಹಿಡಿಯೋದನ್ನ ನೋಡೋಕೆ ಪಕ್ಕದ ಸ್ಕೂಲಿನವರು ಕಾಂಪೌಂಡ್ ಹತ್ತಿ ಕೂರ್ತಿದ್ರು. 2016ರಲ್ಲಿ, ಅವಳು ಹತ್ತನೇ ಕ್ಲಾಸು, ತಾಲ್ಲೂಕು ಆಯ್ತು, ಜಿಲ್ಲೆ ಆಯ್ತು, ವಿಭಾಗ ಮಟ್ಟಕ್ಕೆ ಹೋಗಬೇಕು. ಹುಡುಗರ ತಂಡ, ಹುಡುಗಿಯರ ತಂಡ ಒಂದೇ ಬಸ್ಸು, ಎರಡು ರಾತ್ರಿ ಹೊರಗೆ. ಅಪ್ಪ ಹಾಸ್ಟೆಲ್‌ಗೆ ಫೋನ್ ಮಾಡಿ, "ಏನು ಮಾಡೋಣಪ್ಪ? ಕಳಿಸೋಣ ಅಂತಿದೀನಿ" ಅಂದ್ರು. ಇಂಜಿನಿಯರಿಂಗ್ ಓದೋ ಮಗ, ಪ್ರಪಂಚ ಕಂಡವನು ಅಂತ ಅವರ ಲೆಕ್ಕ. ನಾನು, "ಬೇಡ ಅಪ್ಪ. ಎಸ್ಸೆಸ್ಸೆಲ್ಸಿ ಬೇರೆ. ಹುಡುಗರ ಜೊತೆ ಒಂದೇ ಬಸ್ಸಲ್ಲಿ ಎಲ್ಲ ಯಾಕೆ" ಅಂದೆ. ಒಂದು ನಿಮಿಷದ ಕಾಲ್. ಆಮೇಲೆ ಕ್ಯಾಂಟೀನಿಗೆ ಹೋಗಿ ದೋಸೆ ತಿಂದಿದ್ದೂ ನೆನಪಿದೆ. ತಂಗಿ ಆ ವರ್ಷ ಆಡೋದು ಬಿಟ್ಟಳು. ಅಪ್ಪನ ಜೊತೆ ಒಂದು ತಿಂಗಳು ಮಾತು ಬಿಟ್ಟಳು. ನನ್ನ ಜೊತೆ ಬಿಡಲಿಲ್ಲ.

ಆಂಟ್‌ವರ್ಪ್‌ನಿಂದಲೇ ಅವಳಿಗೆ ವಿಡಿಯೋ ಕಾಲ್ ಮಾಡಿ ಅಂಕಣ ತೋರಿಸಿದೆ. ಸುಮ್ಮನೆ ನೋಡಿದಳು. "ಇವರೆಲ್ಲ ಒಂದೇ ಬಸ್ಸಲ್ಲಿ ಬಂದಿದ್ದಾರಾ ಅಣ್ಣ?" ಅಂದಳು. ನಾನು ನೆಟ್‌ವರ್ಕ್ ಸರಿ ಇಲ್ಲ ಅಂದೆ. ನೆಟ್‌ವರ್ಕ್ ಚೆನ್ನಾಗೇ ಇತ್ತು.

ವಾಪಸ್ ಬರುವಾಗ ಡಚ್ಚಣ್ಣ ಯಾಕೆ ಸಪ್ಪಗಿದ್ದೀಯ, ಆಟ ಹಿಡಿಸಲಿಲ್ವಾ ಅಂದ. ಹಿಡಿಸಿತು ಅಂದೆ. ಎರಡು ವರ್ಷ ಆದ್ಮೇಲೆ ಊರಿಗೆ ವಾಪಸ್ ಬಂದೆ. ಹೇಳಬೇಕು ಅಂತ ಪ್ರತಿ ಹಬ್ಬಕ್ಕೂ ಅಂದ್ಕೊಳ್ಳೋದು, ಹೇಳದೆ ಬೆಂಗಳೂರು ಬಸ್ ಹತ್ತೋದು. ಕಳೆದ ದೀಪಾವಳಿಗೆ ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ಧೈರ್ಯ ಮಾಡಿ, "ಆವತ್ತು ಬೇಡ ಅಂದಿದ್ದು ಅಪ್ಪ ಅಲ್ಲ ಕಣೇ, ನಾನು" ಅಂದೆ.

ಅವಳು ಕಾಯಿ ತುರೀತಾ ಇದ್ದವಳು ತಲೆ ಎತ್ತಲಿಲ್ಲ.

"ಗೊತ್ತು. ಅಪ್ಪ ಯಾವತ್ತು ಸ್ಪೀಕರ್ ಹಾಕದೆ ಫೋನ್ ಮಾಡಿದ್ದಾರೆ? ನಾನು ಅಲ್ಲೇ ಬ್ಯಾಗ್ ತುಂಬ್ತಾ ಇದ್ದೆ."

ಇನ್ನೊಂದು ಹೋಳು ಕೈಗೆ ತಗೊಂಡಳು. ಸ್ವಲ್ಪ ಹೊತ್ತು ಬಿಟ್ಟು, "ಆ ಬುಟ್ಟಿ ಆಟ... ಎರಡು ಗೋಲಿಗೆ ಜಾಗ ಬದಲಾಗುತ್ತೆ ಅಂದ್ಯಲ್ಲ, ಯಾರ ಎರಡು ಗೋಲು? ಎರಡೂ ಕಡೇದು ಸೇರಿಸಿನಾ?" ಅಂದಳು.

ಹೌದು, ಎರಡೂ ಕಡೇದು ಸೇರಿಸಿ ಅಂದೆ.