ಅವ್ವನ ಇಸ್ಕೂಲು

ಶಬ್ದಗಳಿಗೂ ಮನುಷ್ಯರಂತೆ ಹುಟ್ಟೂರು, ನೆಂಟರಿಷ್ಟರು ಉಂಟು. ದಿನವೂ ನಮ್ಮ ನಾಲಗೆಯ ಮೇಲೆ ಆಡುವ 'ಸ್ಕೂಲ್' ಎಂಬ ಆಂಗ್ಲ ಶಬ್ದದ ಜಾತಕವನ್ನು ಈಚೆಗೆ ನಮ್ಮ ಗ್ರಂಥಾಲಯದ ದೊಡ್ಡ ನಿಘಂಟಿನಲ್ಲಿ ಬಿಡಿಸಿ ನೋಡಿದೆ. ನೋಡಿದ್ದಕ್ಕೆ ಒಂದು ಕಾರಣವಿದೆ.

ನಮ್ಮ ಮನೆಯಲ್ಲಿ ಬಿ.ಎ. ತರಗತಿಯವರೆಗೆ ಬಂದವನು ನಾನೇ ಮೊದಲಿಗ. ಅವ್ವನಿಗೆ ಹಳ್ಳಿಯ ಶಾಲೆಯೂ ಈ ಕಾಲೇಜೂ ಒಂದೇ, ಎರಡೂ 'ಇಸ್ಕೂಲು'. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ನೆಂಟರ ಎದುರಿಗೇ, "ಇಸ್ಕೂಲಲ್ಲವ್ವ, ಸ್ಕೂಲು" ಎಂದು ತಿದ್ದಿದೆ. ಅಂದಿನಿಂದ ಅವಳು ನನ್ನೆದುರು ಆ ಮಾತನ್ನೇ ಆಡಲಿಲ್ಲ. "ನೀನು ಓದೋ ಜಾಗ" ಎನ್ನುತ್ತಿದ್ದಳು.

ನಿಘಂಟು ಹೇಳುವ ಕತೆ ಇದು: ಗ್ರೀಕರ 'ಸ್ಖೊಲೆ' ಇದರ ಮೂಲ. ಅದರ ಅರ್ಥ ಪಾಠವಲ್ಲ, ಕಟ್ಟಡವೂ ಅಲ್ಲ, ಬಿಡುವು! ಬಿಡುವಿದ್ದವರು ಕೂಡಿ ಚರ್ಚೆ ನಡೆಸಿದರು. ಆ ಹೆಸರು ಚರ್ಚೆಗೆ, ಆಮೇಲೆ ಚರ್ಚೆಯ ಸ್ಥಳಕ್ಕೆ ಅಂಟಿತು. ಲ್ಯಾಟಿನ್ನಿನ ಮೂಲಕ 1000 ವರ್ಷಗಳ ಹಿಂದೆಯೇ ಇಂಗ್ಲಿಷಿಗೆ ಬಂತು. ವಿಚಾರಪಂಥವನ್ನು 'ಸ್ಕೂಲ್' ಎನ್ನುವುದೂ ಇದೇ ಮಾತು. ಸ್ಕಾಲರ್, ಸ್ಕಾಲರ್‌ಷಿಪ್ ಇದರ ಮಕ್ಕಳು. ಮೀನಿನ ಹಿಂಡಿಗೆ ಹೇಳುವ 'ಸ್ಕೂಲ್' ಮಾತ್ರ ನೆಂಟನಲ್ಲ. ಅದು ಗುಂಪು ಎಂಬ ಅರ್ಥದ ಡಚ್ ಮಾತಿನಿಂದ ಬಂದದ್ದು. ನಮ್ಮ 'ಶಾಲೆ' ಸಂಸ್ಕೃತದ್ದು. ಗೋಶಾಲೆ, ಪಾಕಶಾಲೆಗಳಲ್ಲಿರುವಂತೆ ಅದು ಕಟ್ಟಡವನ್ನು ಹೇಳುತ್ತದೆ. ಗ್ರೀಕರ ಮಾತು ಹೇಳಿದ್ದು ಹೊತ್ತನ್ನು.

ನನ್ನನ್ನು ನಾಚಿಸಿದ ಸಂಗತಿ ಮುಂದಿದೆ. 'ಸ್ಕ' ಎಂದು ಮೊದಲಾಗುವ ಶಬ್ದದ ಆದಿಗೆ ಒಂದು ಸ್ವರ ಸೇರಿಸಿದರೆ ಉಚ್ಚಾರ ಸುಲಭ. ಹಾಗೆ ಸೇರಿಸಿ ಸ್ಪೇನಿನವರು 'ಎಸ್ಕುಯೆಲ' ಎಂದರು. ಫ್ರೆಂಚರೂ ಸೇರಿಸಿ, ಮುಂದೆ ಸಕಾರವನ್ನು ಬಿಟ್ಟು 'ಎಕೋಲ್' ಎಂದರು. ಅವ್ವನ ನಾಲಗೆ ಮಾಡಿದ್ದೂ ಅದನ್ನೇ. ಅವರದು ಭಾಷೆ, ಅವಳದು ಮಾತ್ರ ತಪ್ಪೆಂದು ನಾನು ತಿಳಿದಿದ್ದೆ.

ಇನ್ನು ಆ ಬಿಡುವು ಬಂದದ್ದೆಲ್ಲಿಂದ? ಗ್ರೀಕರ ಬಿಡುವಿನ ಹಿಂದೆ ಗುಲಾಮರ ದುಡಿಮೆಯಿತ್ತು. ನನ್ನ 15 ವರ್ಷಗಳ ಬಿಡುವಿನ ಹಿಂದೆ ಅಪ್ಪನ ನೇಗಿಲೂ ಅವ್ವನ ಕೂಲಿಯೂ ಇವೆ. ಅವಳಿಗೆ ಒಂದು ದಿನದ 'ಸ್ಖೊಲೆ'ಯೂ ದೊರೆತದ್ದನ್ನು ನಾನು ಕಾಣೆ.

ರಾಗಿ ಕೊಯ್ಲಿನ ಕಾಲಕ್ಕೆ ಊರಿಗೆ ಹೋದಾಗ, "ಅವ್ವ, ನಮ್ಮ ಇಸ್ಕೂಲಿಗೆ ರಜ" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಇಸ್ಕೂಲೆಂದರೆ ಬಿಡುವು ಎಂದು ಅರ್ಥವನ್ನೂ ಹೇಳಿದೆ.

"ಬಿಡುವಾ? ಹಂಗಾರೆ ತಕ ಕುಡ್ಲು" ಎಂದು ನಕ್ಕಳು. ತೆಗೆದುಕೊಂಡೆ.