ಮನೆಯ ಮಾಣಿಕ್ಯವನ್ನೇ ಕೊಟ್ಟ ತಂಡ

ತಂಡದಲ್ಲಿ ಎಲ್ಲರ ಕಣ್ಮಣಿಯಾದ ಆಟಗಾರನನ್ನೇ ಬೇರೆಯವರಿಗೆ ಕೊಟ್ಟುಬಿಟ್ಟರೆ ಆ ತಂಡ ಉದ್ಧಾರವಾದೀತೇ? ನೀವೇ ಹೇಳಿ. ‘ಅಡಿಗೆಮನೆ ಬಿಟ್ಟು ಇವಳಿಗ್ಯಾಕೆ ಆಟದ ಮಾತು’ ಅಂತ ಮಾತ್ರ ನಗಬೇಡಿ. ತಮ್ಮನ ಹೆಂಡತಿಯ ಬಾಣಂತನಕ್ಕೆಂದು ಅಮೆರಿಕಾದ ಬಾಸ್ಟನ್ನಿನಲ್ಲಿ ಮೂರು ತಿಂಗಳಿದ್ದೆ. ನಮಗೆ ಕ್ರಿಕೆಟ್ ಹೇಗೋ ಅವರಿಗೆ ಬೇಸ್‌ಬಾಲ್ ಹಾಗೆ. ಪಕ್ಕದ ಮನೆಯ ಅಜ್ಜಿ ಮಗುವನ್ನು ನೋಡಲು ಬಂದಾಗಲೆಲ್ಲ ತಮ್ಮೂರಿನ ರೆಡ್ ಸಾಕ್ಸ್ ತಂಡದ ಕಥೆಯನ್ನೇ ಹೇಳುವರು. ನನ್ನ ಹೈಸ್ಕೂಲು ಇಂಗ್ಲಿಷಿಗೆ ಎಟುಕದ್ದನ್ನು ತಮ್ಮ ಬಿಡಿಸಿ ಹೇಳುತ್ತಿದ್ದ.

ಅಜ್ಜಿಯ ಪ್ರೀತಿಯ ಆಟಗಾರ ನೋಮರ್ ಗಾರ್ಸಿಯಾಪಾರಾ. 1999 ಮತ್ತು 2000ದಲ್ಲಿ ಅಮೆರಿಕನ್ ಲೀಗಿಗೇ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲಿಗ. ಅಂಥವನನ್ನು 2004ರ ಜುಲೈ 31ರಂದು ಶಿಕಾಗೋ ಕಬ್ಸ್ ತಂಡಕ್ಕೆ ಕೊಟ್ಟುಬಿಟ್ಟರು! ಆ ದಿನ ಅಜ್ಜಿ ಊಟವನ್ನೇ ಮಾಡಲಿಲ್ಲವಂತೆ.

ಕಾರಣವಿಲ್ಲದೆ ಇರಲಿಲ್ಲ ಎನ್ನಿ. ಕಾಲು ನೋವಿನಿಂದ ಆ ವರ್ಷ ಬಾಸ್ಟನ್ನಿಗೆ ಅವನು ಆಡಿದ್ದು 38 ಪಂದ್ಯ ಮಾತ್ರ. ಕರಾರು ವರ್ಷದ ಕೊನೆಗೆ ಮುಗಿಯುತ್ತಿತ್ತು. ಹಾಗೇ ಬಿಟ್ಟಿದ್ದರೆ ಅವನು ಹೋದಾನು, ಬದಲಿಗೆ ಒಬ್ಬ ಆಟಗಾರನೂ ಸಿಗಲಾರ. ತಂಡಕ್ಕೆ ಬ್ಯಾಟು ಬೀಸುವವರು ಬೇಕಷ್ಟು ಇದ್ದರು, ಚೆಂಡು ಹಿಡಿಯುವ ಕೈ ಸಾಲದು. ಬೆಲ್ಲ ಡಬ್ಬಿ ತುಂಬ ಇದ್ದು ಬೇಳೆಯೇ ಇಲ್ಲದಿದ್ದರೆ ಹೋಳಿಗೆ ಆಗುತ್ತದೆಯೇ? ಚೆಂಡು ಹಿಡಿಯುವುದರಲ್ಲಿ ಗಟ್ಟಿಗರಾದ ಒರ್ಲಾಂಡೋ ಕಬ್ರೇರಾ, ಡಗ್ ಮಿಂಟ್‌ಕೇವಿಚ್ ಬಂದರು. ಅದೇ ದಿನ ಬೇರೊಂದು ಅದಲುಬದಲಿನಲ್ಲಿ ಓಟಗಾರ ಡೇವ್ ರಾಬರ್ಟ್ಸ್ ಬಂದ.

ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಯಾಂಕೀಸ್ ಎದುರು ಮೊದಲ ಮೂರು ಪಂದ್ಯಗಳೂ ಸೋಲು. ನಾಲ್ಕನೆಯದೂ ಕೈಬಿಡುವ ಹೊತ್ತಿನಲ್ಲಿ ರಾಬರ್ಟ್ಸ್ ಎರಡನೇ ಬೇಸಿಗೆ ಕದ್ದು ಓಡಿದ. ಅಲ್ಲಿಂದ ತಂಡ ಸಾಲಾಗಿ ನಾಲ್ಕು ಪಂದ್ಯ ಗೆದ್ದಿತು. ಆಮೇಲೆ ಸೇಂಟ್ ಲೂಯಿಸ್ ತಂಡವನ್ನೂ ಸೋಲಿಸಿ, 1918ರ ನಂತರ ಮೊದಲ ಸಲ ವರ್ಲ್ಡ್ ಸೀರೀಸ್ ತನ್ನದಾಗಿಸಿಕೊಂಡಿತು. ಅಷ್ಟೂ ಅದಲುಬದಲಿನ ಪುಣ್ಯವೆಂದು ನಾನು ಹೇಳೆನು. ಡೇವಿಡ್ ಆರ್ಟೀಸ್, ಕರ್ಟ್ ಷಿಲ್ಲಿಂಗರಂಥವರು ಮೊದಲೇ ಇದ್ದರಲ್ಲ!

ಇದೇ ತಂಡ 1919ರ ಡಿಸೆಂಬರಿನಲ್ಲಿ ಬೇಬ್ ರೂಥ್ ಎಂಬ ಮಹಾ ಆಟಗಾರನನ್ನು 1 ಲಕ್ಷ ಡಾಲರಿಗೆ ಯಾಂಕೀಸಿಗೆ ಮಾರಿತ್ತು. ಬಂದದ್ದು ದುಡ್ಡು, ಆಟಗಾರನಲ್ಲ. ದುಡ್ಡು ಮೈದಾನಕ್ಕಿಳಿದು ಚೆಂಡು ಹಿಡಿಯುತ್ತದೆಯೇ? ಒಡವೆ ಮಾರಿ ಸಾಲ ತೀರಿಸುವುದು ಬೇರೆ, ಒಡವೆ ಕೊಟ್ಟು ಹಸು ತರುವುದು ಬೇರೆ ಅಲ್ಲವೇ?

ಆದರೂ ಸೋದರಿಯರೇ, ಹೋದವನ ಸಂಕಟ ನನಗೆ ಮರೆಯಲಾಗದು. ಮಿಯಾ ಹ್ಯಾಮ್ ಎಂಬ ಫುಟ್‌ಬಾಲ್ ತಾರೆಯನ್ನು ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅವನಿಲ್ಲದ ವರ್ಷವೇ ಊರೆಲ್ಲ ಹಬ್ಬ! ಗೆದ್ದಾಗ ಅಜ್ಜಿಯೂ ಕುಣಿದಾಡಿದರಂತೆ. ಆದರೆ ಗೋಡೆಯ ಮೇಲಿನ ಅವನ ಪಟವನ್ನು ಮಾತ್ರ ತೆಗೆಯಲಿಲ್ಲ.

2010ರ ಮಾರ್ಚಿನಲ್ಲಿ ನೋಮರ್ ಮತ್ತೆ ರೆಡ್ ಸಾಕ್ಸ್ ತಂಡಕ್ಕೆ ಬಂದ. ಒಂದೇ ಒಂದು ದಿನದ ಕರಾರಿಗೆ ಸಹಿ ಹಾಕಿ, ಆ ತಂಡದವನಾಗಿಯೇ ಆಟದಿಂದ ನಿವೃತ್ತನಾದ.